ಪ್ರತಿಯೊಬ್ಬರಿಗೂ ಒಂದು ಪುಸ್ತಕ: ಜಿಮ್ ತರಬೇತುದಾರರಿಗೆ ಬಹಿರಂಗ ಪತ್ರ

ಕರ್ನಾಟಕದ ಊರೂರುಗಳ ಜಿಮ್‌ಗಳಲ್ಲಿ ದುಡಿಯುತ್ತಿರುವ ತರಬೇತುದಾರ ಮಿತ್ರರಿಗೆ,



ಊರು ಏಳುವ ಮೊದಲೇ ಷಟರ್ ಎತ್ತಿ, ಊರು ಊಟ ಮುಗಿಸಿದ ಮೇಲೆ ಕೊನೆಯ ಪ್ಲೇಟನ್ನು ಸ್ಟ್ಯಾಂಡಿಗೆ ಸೇರಿಸಿ ಮನೆಗೆ ಹೋಗುವವರು ನೀವು. ಒಂದು ಕಾಲಕ್ಕೆ ದೊಡ್ಡ ಊರುಗಳಲ್ಲಷ್ಟೇ ಇದ್ದ ಜಿಮ್ ಈಗ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಎದುರಿನ ಮಹಡಿಯಲ್ಲೂ ಇದೆ. ಬರುವವರೂ ಬದಲಾಗಿದ್ದಾರೆ. ಮೈ ಕಟ್ಟುವ ಆಸೆಯ ಕಾಲೇಜು ಹುಡುಗರ ಪಕ್ಕದಲ್ಲಿ ಈಗ ಸಕ್ಕರೆ ಕಾಯಿಲೆ ಗೊತ್ತಾದ ಬ್ಯಾಂಕ್ ನೌಕರರು, ಮೊಣಕಾಲು ನೋವಿನ ಶಿಕ್ಷಕಿಯರು, ದಿನಕ್ಕೆ ಹತ್ತು ಗಂಟೆ ಕುರ್ಚಿಯಲ್ಲೇ ಕೂರುವ ಸಾಫ್ಟ್‌ವೇರ್ ನೌಕರರು, ನಿವೃತ್ತ ಇಂಜಿನಿಯರುಗಳು ನಿಂತಿರುತ್ತಾರೆ. ಐಸಿಎಂಆರ್‌ನ ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಕೊಟ್ಟ ಲೆಕ್ಕದಂತೆ ದೇಶದ ವಯಸ್ಕರಲ್ಲಿ ಶೇ. 11.4ರಷ್ಟು ಮಂದಿಗೆ ಮಧುಮೇಹವಿದೆ, ಇನ್ನೂ ಶೇ. 15.3ರಷ್ಟು ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ಡಾಕ್ಟರು ಇವರಿಗೆಲ್ಲ ‘ಸ್ವಲ್ಪ ವ್ಯಾಯಾಮ ಮಾಡಿ’ ಎಂದು ಒಂದು ಸಾಲು ಹೇಳಿ ಕಳಿಸುತ್ತಾರೆ. ಆ ಒಂದು ಸಾಲನ್ನು ದಿನದಿನದ ಕೆಲಸವಾಗಿ ಬಿಡಿಸಿ ಕೊಡಬೇಕಾದವರು ನೀವು. ಅಂದರೆ ಊರಿನ ಆರೋಗ್ಯದ ದೊಡ್ಡದೊಂದು ಪಾಲು, ಯಾರೂ ಹೇಳದೆ ಕೇಳದೆ, ನಿಮ್ಮ ಕೈಗೆ ಬಂದಿದೆ.

ಈ ಪತ್ರಕ್ಕೆ ಕಾರಣ ಅದೇ. ಎಷ್ಟೋ ಜಿಮ್‌ಗಳಲ್ಲಿ ಇಂದಿಗೂ ಎಲ್ಲರಿಗೂ ಗೋಡೆಯ ಮೇಲಿನ ಒಂದೇ ಚಾರ್ಟು: ಸೋಮವಾರ ಎದೆ, ಮಂಗಳವಾರ ಬೆನ್ನು, ಬುಧವಾರ ಭುಜ. ಇಪ್ಪತ್ತರ ಹುಡುಗನಿಗೂ ಅದೇ, ಐವತ್ತೈದರ ತಾಯಿಗೂ ಅದೇ. ಚೆನ್ನಾಗಿ ಆಯಿತೋ ಇಲ್ಲವೋ ಎಂಬುದಕ್ಕೆ ಅಳತೆ ಬೆವರು, ಏದುಸಿರು, ಮಾರನೆಯ ದಿನ ಮೆಟ್ಟಿಲಿಳಿಯಲಾಗದಷ್ಟು ತೊಡೆ ನೋವು. ವ್ಯಾಯಾಮ ವಿಜ್ಞಾನ ಎಂಬತ್ತು ವರ್ಷಗಳಿಂದ ಬೇರೆಯದೇ ಅಳತೆಯನ್ನು ಕೇಳುತ್ತ ಬಂದಿದೆ. ಈ ವ್ಯಕ್ತಿ ಬಂದ ದಿನ ಏನು ಮಾಡಬಲ್ಲವರಾಗಿದ್ದರು, ಇಂದು ಏನು ಮಾಡಬಲ್ಲರು, ನಡುವೆ ಏನು ಕೊಡಲಾಯಿತು? ಬರೆದಿಡದೆ ಈ ಮೂರಕ್ಕೂ ಉತ್ತರ ಸಿಗುವುದಿಲ್ಲ. ಬಂದ ಪ್ರತಿಯೊಬ್ಬರ ಹೆಸರಿನಲ್ಲೂ ಒಂದು ಪುಸ್ತಕ ಇರಲಿ ಎಂಬುದು ಈ ಪತ್ರದ ಕೋರಿಕೆ.

ಬರೆದಿಡುವ ಈ ಪದ್ಧತಿ ಬಲವಾಗಿ ಬೇರು ಬಿಟ್ಟದ್ದು ಒಂದು ಸೇನಾ ಆಸ್ಪತ್ರೆಯಲ್ಲಿ. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಅಮೆರಿಕದ ಚಿಕಾಗೊ ನಗರದ ಗಾರ್ಡಿನರ್ ಆಸ್ಪತ್ರೆಯ ಹಾಸಿಗೆಗಳು ಮೊಣಕಾಲು, ತೊಡೆ ಮುರಿದ ಸೈನಿಕರಿಂದ ತುಂಬಿದ್ದವು. ಮೂಳೆ ಕೂಡಿದರೂ ಕಾಲಿಗೆ ಬಲ ಬರುತ್ತಿರಲಿಲ್ಲ. ಹಗುರವಾದ ಚಲನೆಗಳನ್ನು ನೂರಾರು ಸಲ ಮಾಡಿಸುವುದು ಆಗಿನ ರೂಢಿ. ಅಲ್ಲಿದ್ದ ಯುವ ವೈದ್ಯ ಥಾಮಸ್ ಡಿಲಾರ್ಮ್ ಹದಿಹರೆಯದಲ್ಲಿ ಸಂಧಿವಾತದ ಜ್ವರದಿಂದ ತಿಂಗಳುಗಟ್ಟಲೆ ಹಾಸಿಗೆ ಹಿಡಿದು, ಆಮೇಲೆ ಭಾರ ಎತ್ತಿಯೇ ಮೈ ಕಟ್ಟಿಕೊಂಡವರು. ಅವರು ರೂಢಿಯನ್ನು ತಿರುಗಿಸಿದರು. ಸೈನಿಕ ಹತ್ತೇ ಸಲ ಎತ್ತಬಲ್ಲ ಭಾರ ಎಷ್ಟೆಂದು ಹುಡುಕಿದರು, ಅದನ್ನೇ ಕೆಲಸದ ಅಳತೆಯಾಗಿಟ್ಟರು, ವಾರಕ್ಕೊಮ್ಮೆ ಮತ್ತೆ ಅಳೆದು ಭಾರ ಏರಿಸಿದರು. 1945ರಲ್ಲಿ ಮೂಳೆ ಶಸ್ತ್ರಚಿಕಿತ್ಸೆಯ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅವರ ವರದಿ ಬಂತು. ಇಂದು ಪ್ರತಿ ಜಿಮ್‌ನಲ್ಲೂ ಕೇಳಿಬರುವ ಹತ್ತರ ಸೆಟ್ಟು, ಮೆಲ್ಲಮೆಲ್ಲಗೆ ಭಾರ ಏರಿಸುವ ಕ್ರಮ ಎರಡೂ ವ್ಯವಸ್ಥಿತ ರೂಪ ಪಡೆದದ್ದು ಅಲ್ಲಿ.

ಈ ಕಥೆಯಲ್ಲಿ ಜನ ಮರೆಯುವ ಎರಡನೆಯ ಭಾಗವೇ ಹೆಚ್ಚು ಮುಖ್ಯ. ಡಿಲಾರ್ಮ್ ಮೊದಲು ಒಂದೊಂದು ಕಸರತ್ತಿಗೂ ಏಳರಿಂದ ಹತ್ತು ಸೆಟ್ ಮಾಡಿಸುತ್ತಿದ್ದರು, ಅಂದರೆ ಎಪ್ಪತ್ತರಿಂದ ನೂರು ಸಲ. 1948ರಲ್ಲಿ ಆರ್ಥರ್ ವಾಟ್ಕಿನ್ಸ್ ಜೊತೆ ಬರೆದ ಲೇಖನದಲ್ಲಿ ಅವರೇ ಅದು ಅತಿಯಾಯಿತು ಎಂದು ತಿದ್ದಿಕೊಂಡರು. ಇಪ್ಪತ್ತರಿಂದ ಮೂವತ್ತು ಸಲವೇ ಹೆಚ್ಚು ಒಳ್ಳೆಯ ಫಲ ಕೊಡುತ್ತದೆ ಎಂದರು. ಹತ್ತು ಸಲ ಎತ್ತಬಲ್ಲ ಭಾರದ ಅರ್ಧದಲ್ಲಿ ಒಂದು ಸೆಟ್, ಮುಕ್ಕಾಲರಲ್ಲಿ ಒಂದು, ಪೂರ್ತಿ ಭಾರದಲ್ಲಿ ಒಂದು. ಅಷ್ಟೇ. ವಾರವಾರವೂ ಅಳೆದು ನೋಡುವವರಿಗೆ ಮಾತ್ರ ಇಂಥ ತಿದ್ದುಪಡಿ ಸಾಧ್ಯ. ಲೆಕ್ಕವಿಲ್ಲದ ಕಡೆ ಹೆಚ್ಚು ಮಾಡಿಸಿದ್ದು ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ತಿಳಿಯುವ ದಾರಿಯೇ ಇರುವುದಿಲ್ಲ. ಆಗ ದಣಿವೇ ಸಾಕ್ಷಿ ಹೇಳಬೇಕಾಗುತ್ತದೆ.

ದಣಿವು ನಂಬುವಂಥ ಸಾಕ್ಷಿಯಲ್ಲ. ಮೈಕೈ ನೋವು ಬರುವುದು ಬಹುಪಾಲು ಕೆಲಸ ಹೊಸತಾಗಿದ್ದಾಗ, ಅದರಲ್ಲೂ ಭಾರವನ್ನು ತಡೆಯುತ್ತ ಕೆಳಗಿಳಿಸುವಾಗ ಸ್ನಾಯು ಎಳೆಯಲ್ಪಟ್ಟರೆ. ಅದೇ ಕೆಲಸವನ್ನು ಒಂದೆರಡು ವಾರ ಬಿಟ್ಟು ಮತ್ತೆ ಮಾಡಿಸಿದರೆ ನೋವು ಎಷ್ಟೋ ಕಡಿಮೆ. ಹಾಗೆಂದು ಎರಡನೆಯ ಸಲದ ಕೆಲಸ ವ್ಯರ್ಥವಾಯಿತೆ? ಇಲ್ಲ, ದೇಹ ಹೊಂದಿಕೊಂಡಿತು, ಅಷ್ಟೇ. ನೋವಿಗಾಗಿ ವಾರವಾರವೂ ಕಸರತ್ತು ಬದಲಿಸುವ ತರಬೇತುದಾರರು, ತಮಗೆ ಅರಿವಿಲ್ಲದೆಯೇ, ಶಿಷ್ಯನನ್ನು ಪ್ರತಿ ವಾರ ಮೊದಲ ದಿನಕ್ಕೇ ತಂದು ನಿಲ್ಲಿಸುತ್ತಾರೆ.

ಮೊದಲ ದಿನದ ಮಾತು ಬಂದಿದೆ, ಅದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತಮ್ಮ 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ನಾಡು ದಿಕ್ಕು ತಪ್ಪಿದಂತಾಗಿತ್ತು. ಮುಂದಿನ ದಿನಗಳಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದರು, ಜಿಮ್‌ಗೆ ಹೋಗುವುದೇ ಅಪಾಯವೇನೋ ಎಂಬ ಅನುಮಾನ ಮನೆಮನೆಯಲ್ಲಿ ಎದ್ದಿತು. ಒಬ್ಬರ ಸಾವಿನಿಂದ ವ್ಯಾಯಾಮದ ಬಗ್ಗೆ ತೀರ್ಪು ಕೊಡಲಾಗದು. ಆದರೆ ಆ ಅನುಮಾನದ ಹಿಂದಿದ್ದ ಪ್ರಶ್ನೆಗೆ ಉತ್ತರ 1993ರಲ್ಲೇ ಬಂದಿತ್ತು. ಮರ್ರೆ ಮಿಟಲ್‌ಮನ್ ಮತ್ತು ಸಂಗಡಿಗರು ಹೃದಯಾಘಾತವಾದವರನ್ನು ವಿಚಾರಿಸಿ, ತೀವ್ರ ಶ್ರಮದ ನಂತರದ ಒಂದು ಗಂಟೆಯಲ್ಲಿ ಅಪಾಯ ಎಷ್ಟು ಏರುತ್ತದೆ ಎಂದು ಲೆಕ್ಕ ಹಾಕಿದರು. ವಾರಕ್ಕೆ ಐದು ಸಲ ಅಥವಾ ಹೆಚ್ಚು ವ್ಯಾಯಾಮ ಮಾಡುವವರಲ್ಲಿ ಅದು ಸುಮಾರು 2.4 ಪಟ್ಟು. ವಾರಕ್ಕೊಮ್ಮೆಯೂ ಮೈ ದಣಿಸದವರಲ್ಲಿ 107 ಪಟ್ಟು. ಯಾವುದೇ ಒಂದು ಗಂಟೆಯಲ್ಲಿ ಹೃದಯಾಘಾತವಾಗುವ ಸಾಧ್ಯತೆ ಮೂಲತಃ ತೀರಾ ಚಿಕ್ಕದು, ಹಾಗಾಗಿ ಈ ಅಂಕಿಗೆ ಹೆದರಿ ಮನೆಯಲ್ಲಿ ಕೂರಬೇಕಾಗಿಲ್ಲ. ಅದು ಹೇಳುವುದು ಇಷ್ಟು: ಅಪಾಯ ಗುಂಪುಗೂಡಿರುವುದು ವರ್ಷಗಟ್ಟಲೆ ಕೂತಿದ್ದವರು ಒಮ್ಮೆಲೇ ಮೇಲೆದ್ದು ಜೋರಾಗಿ ದುಡಿದಾಗ. ನಿಮ್ಮ ಬಾಗಿಲಿಗೆ ಜನವರಿ ಒಂದರಂದು ಬರುವವರು ಹೆಚ್ಚಾಗಿ ಇಂಥವರೇ.

ಆದ್ದರಿಂದ ಪುಸ್ತಕದ ಮೊದಲ ಪುಟದಲ್ಲಿ ಕಸರತ್ತಿನ ಹೆಸರೇ ಇರಬಾರದು. ಎದೆನೋವು ಬಂದದ್ದುಂಟೆ, ನಡೆಯುವಾಗ ತಲೆ ಸುತ್ತಿದ್ದುಂಟೆ, ಬಿಪಿ, ಸಕ್ಕರೆ, ಥೈರಾಯ್ಡ್ ಮಾತ್ರೆ ಯಾವುದು, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯದ ತೊಂದರೆಯಿಂದ ತೀರಿಕೊಂಡಿದ್ದಾರೆಯೆ, ಕೀಲು ನೋವು ಎಲ್ಲಿ, ಆಪರೇಷನ್ ಆಗಿದೆಯೆ. ಕೆನಡಾದಲ್ಲಿ 1970ರ ದಶಕದಲ್ಲಿ ಇಂಥ ಏಳು ಪ್ರಶ್ನೆಗಳ ಒಂದು ಹಾಳೆಯನ್ನೇ ರೂಪಿಸಲಾಯಿತು, ಜಗತ್ತಿನಾದ್ಯಂತ ಅದು ಬಳಕೆಗೆ ಬಂತು. ಯಾವುದಕ್ಕಾದರೂ ‘ಹೌದು’ ಎಂದರೆ ಡಾಕ್ಟರ ಚೀಟಿ ಬಂದ ಮೇಲೆಯೇ ಮುಂದಿನ ಮಾತು. ಮೊದಲ ಮೂರು ನಾಲ್ಕು ವಾರ ಉದ್ದೇಶಪೂರ್ವಕವಾಗಿ ಹಗುರ. ಸ್ಪರ್ಧೆ, ಚಾಲೆಂಜ್, ‘ಮೊದಲ ದಿನವೇ ನೂರೈವತ್ತು ಬಸ್ಕಿ’ ಯಾವುದೂ ಬೇಡ. ಅಭ್ಯಾಸವಿಲ್ಲದ ಸ್ನಾಯುಗಳನ್ನು ಒಂದೇ ದಿನ ಅತಿಯಾಗಿ ದಣಿಸಿದರೆ ಅವು ಒಡೆದು, ಒಳಗಿನ ಪ್ರೋಟೀನು ರಕ್ತಕ್ಕೆ ಸೇರಿ, ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿ, ಮೂತ್ರಪಿಂಡಕ್ಕೇ ಕುತ್ತು ಬರಬಹುದು. ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕೆಂದು ಶಿಷ್ಯರಿಗೂ ಗೊತ್ತಿರಬೇಕು. ಜಿಮ್‌ನಲ್ಲಿ ಯಾರಾದರೂ ಕುಸಿದು ಬಿದ್ದರೆ ಎದೆಯೊತ್ತುವ ಸಿಪಿಆರ್ ವಿದ್ಯೆ ನಿಮ್ಮಲ್ಲಿ ಪ್ರತಿಯೊಬ್ಬರಿಗೂ ಬರಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಹಗುರವಾಗಿ ಶುರುಮಾಡಿದರೆ ಫಲ ತಡವಾಗಿ ಸಿಗುತ್ತದೆ, ಜನ ಬಿಟ್ಟುಹೋಗುತ್ತಾರೆ ಎಂಬ ಭಯ ನಿಮಗಿದೆ. ಅದು ಸಹಜ. ಆದರೆ ಇಲ್ಲಿ ದೇಹವೇ ನಿಮ್ಮ ಪರವಾಗಿದೆ. ಮೊರಿಟಾನಿ ಮತ್ತು ಡಿವ್ರೀಸ್ 1979ರಲ್ಲಿ ತೋರಿಸಿದಂತೆ, ಮೊದಲ ಕೆಲವು ವಾರಗಳಲ್ಲಿ ಬಲ ಹೆಚ್ಚುವುದು ಸ್ನಾಯು ದಪ್ಪವಾಗಿ ಅಲ್ಲ, ನರಗಳು ಇರುವ ಸ್ನಾಯುವನ್ನೇ ಚೆನ್ನಾಗಿ ಬಳಸಲು ಕಲಿತು. ಗಾತ್ರದ ಪಾತ್ರ ದೊಡ್ಡದಾಗುವುದು ಮೂರರಿಂದ ಐದು ವಾರ ಕಳೆದ ಮೇಲೆ. ಕಲಿಕೆಗೆ ಬೇಕಾದ್ದು ಸರಿಯಾದ ಭಂಗಿಯಲ್ಲಿ ಮತ್ತೆ ಮತ್ತೆ ಮಾಡುವ ಅಭ್ಯಾಸ. ಕನ್ನಡಿಯಲ್ಲಿ ಏನೂ ಕಾಣದ ಆ ಮೊದಲ ತಿಂಗಳಲ್ಲೂ ಪುಸ್ತಕದಲ್ಲಿ ಅಂಕಿ ಏರುತ್ತಲೇ ಇರುತ್ತದೆ. ಅದನ್ನು ಶಿಷ್ಯರ ಮುಂದೆ ತೆರೆದು ತೋರಿಸಿ. ಉಳಿಯುವುದಕ್ಕೆ ಅದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ಇನ್ನು ಯಾವ ಕಸರತ್ತು ಎಂಬ ಪ್ರಶ್ನೆ. ದೇಹ ಯಾವುದನ್ನು ಮಾಡುತ್ತದೋ ಅದರಲ್ಲೇ ಪಳಗುತ್ತದೆ ಎಂಬುದಕ್ಕೆ ಕರಾವಳಿಯ ಉದಾಹರಣೆಯೇ ಇದೆ. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರೆಂದು ದೇಶವೆಲ್ಲ ಸುದ್ದಿಯಾಯಿತು. ಅದನ್ನು ನೂರು ಮೀಟರಿಗೆ ಇಳಿಸಿ ಉಸೇನ್ ಬೋಲ್ಟ್ ಜೊತೆ ಹೋಲಿಸಿದರು, ಕ್ರೀಡಾ ಪ್ರಾಧಿಕಾರದಿಂದ ಟ್ರಯಲ್ಸ್‌ಗೆ ಕರೆ ಬಂತು. ಗೌಡರು ಒಪ್ಪಲಿಲ್ಲ. ಕಂಬಳದ ಓಟದಲ್ಲಿ ಹಿಮ್ಮಡಿಯ ಕೆಲಸ, ಟ್ರ್ಯಾಕಿನಲ್ಲಿ ಬೆರಳ ತುದಿಯ ಕೆಲಸ, ಎರಡೂ ಬೇರೆ ಎಂಬ ಅರ್ಥದಲ್ಲಿ ಅವರು ಕೊಟ್ಟ ಕಾರಣ ವ್ಯಾಯಾಮ ವಿಜ್ಞಾನದ ಯಾವ ಪಠ್ಯಪುಸ್ತಕದಲ್ಲಾದರೂ ಸೇರಿಸಬಹುದಾದಷ್ಟು ಖಚಿತ. ಕೆಸರುಗದ್ದೆ, ಬರಿಗಾಲು, ಮುಂದೆ ಎಳೆಯುವ ಕೋಣಗಳ ಜೋಡಿ: ಆ ದೇಹ ಪಳಗಿದ್ದು ಅದಕ್ಕೆ.

ಇದನ್ನು ಜಿಮ್‌ಗೆ ತನ್ನಿ. ನೆಲದ ಮೇಲೆ ಕೂತು ಏಳಲಾಗದ ಅಜ್ಜಿಗೆ ತೊಡೆಯ ಮಷಿನ್ನಿನಲ್ಲಿ ಕೂತಲ್ಲೇ ಕಾಲು ಚಾಚಿಸಿದರೆ ಆ ಮಷಿನ್ನಿನಲ್ಲಿ ಬಲ ಖಂಡಿತ ಬರುತ್ತದೆ, ಏಳುವ ಬಲಕ್ಕೆ ಮಾತ್ರ ಏಳುವ ಅಭ್ಯಾಸವೂ ಬೇಕು. ಗೋಣಿಚೀಲ ಎತ್ತುವ ಕೃಷಿಕನಿಗೆ ನೆಲದಿಂದ ಎತ್ತುವುದನ್ನು ಕಲಿಸಬೇಕು. ಮ್ಯಾರಥಾನ್ ಓಡಲು ಹೊರಟವರಿಗೆ ಓಟವೇ ಮುಖ್ಯ, ಭಾರ ಪೂರಕ. ಗುರಿ ಕೇಳದೆ ಕಸರತ್ತು ಆಯ್ಕೆ ಮಾಡಲಾಗದು. ‘ತೂಕ ಇಳಿಸಬೇಕು’ ಎಂಬುದನ್ನೂ ಅಲ್ಲಿಗೇ ಬಿಡಬೇಡಿ. ಯಾಕೆ, ಏನು ಮಾಡಲು ಎಂದು ಇನ್ನೊಂದು ಪ್ರಶ್ನೆ ಕೇಳಿ.

ತೂಕದ ಯಂತ್ರವೊಂದನ್ನೇ ನೆಚ್ಚಿಕೊಂಡರೆ ನಮ್ಮ ಜನರ ವಿಷಯದಲ್ಲಿ ಮೋಸಹೋಗುವುದು ಖಂಡಿತ. 2004ರಲ್ಲಿ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಕ್ಕಪಕ್ಕ ನಿಂತ ತಮ್ಮದೇ ಚಿತ್ರ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚಿ ಇಬ್ಬರದೂ ಒಂದೇ, 22.3. ಕೊಬ್ಬಿನ ಪ್ರಮಾಣ ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ: ಭಾರತೀಯರಲ್ಲಿ ಸಾಮಾನ್ಯವಾದ ಈ ಮೈಕಟ್ಟಿಗೆ ಟ್ರೆಡ್‌ಮಿಲ್‌ನಷ್ಟೇ ಭಾರದ ಕೆಲಸವೂ ಬೇಕು. ಸೊಂಟದ ಸುತ್ತಳತೆಯ ಎಚ್ಚರಿಕೆಯ ಗೆರೆ ನಮ್ಮ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಹತ್ತು ರೂಪಾಯಿಯ ದರ್ಜಿಯ ಟೇಪು ಸಾಕು. ತಿಂಗಳಿಗೊಮ್ಮೆ ಅಳೆದು ಬರೆಯಿರಿ.

ಹೊಟ್ಟೆ ಕರಗಿಸಲು ಹೊಟ್ಟೆಯ ಕಸರತ್ತು ಕೇಳುವವರಿಗೆ ಹೇಳಲು ಎರಡು ಹಳೆಯ ಪ್ರಯೋಗಗಳಿವೆ. 1984ರಲ್ಲಿ 27 ದಿನಗಳಲ್ಲಿ ತಲಾ 5004 ಸಿಟಪ್ ಮಾಡಿಸಿ, ಮೊದಲೂ ಕೊನೆಗೂ ಕೊಬ್ಬಿನ ಕೋಶಗಳನ್ನು ಸೂಜಿಯಿಂದ ತೆಗೆದು ನೋಡಿದರು. ಹೊಟ್ಟೆಯ ಕೋಶಗಳು ಬೆನ್ನಿನ, ಪೃಷ್ಠದ ಕೋಶಗಳಿಗಿಂತ ಹೆಚ್ಚೇನೂ ಕುಗ್ಗಿರಲಿಲ್ಲ. ಅದಕ್ಕೂ ಮೊದಲು 1971ರಲ್ಲಿ ಟೆನಿಸ್ ಆಟಗಾರರ ಎರಡೂ ತೋಳು ಅಳೆದಾಗ, ಆಡುವ ತೋಳು ದಪ್ಪವಾಗಿತ್ತು, ಚರ್ಮದ ಕೆಳಗಿನ ಕೊಬ್ಬು ಎರಡರಲ್ಲೂ ಸಮವಾಗಿತ್ತು. ಗೊತ್ತಿದ್ದೂ ಕ್ರಂಚಸ್ ಮಾಡಿಸುವುದು ಶಿಷ್ಯನ ಸಮಯದ ಕಳವು.

ವಯಸ್ಸಾದವರನ್ನು ಕಂಡಾಗ ಎರಡು ಬಗೆಯ ತಪ್ಪು ನಡೆಯುತ್ತದೆ. ಒಂದು, ಅವರಿಗೂ ಹುಡುಗರ ಚಾರ್ಟು ಕೊಡುವುದು. ಇನ್ನೊಂದು, ಒಂದು ಕಿಲೋದ ಗುಲಾಬಿ ಡಂಬೆಲ್ ಕೈಗಿತ್ತು ಮೂಲೆಯಲ್ಲಿ ಕೂರಿಸುವುದು. ಎರಡನೆಯದು ದಯೆಯಂತೆ ಕಾಣುವುದರಿಂದ ಹೆಚ್ಚು ಹಾನಿ ಮಾಡುತ್ತದೆ. 1990ರಲ್ಲಿ ಬಾಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ ಡಾ. ಮರಿಯಾ ಫಿಯಾಟರೋನ್ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ತೊಡೆಯ ಭಾರದ ತರಬೇತಿ ಕೊಟ್ಟರು. ಭಾರ ಹಗುರವಾಗಿರಲಿಲ್ಲ. ಅವರು ಒಂದೇ ಸಲ ಎತ್ತಬಲ್ಲ ಗರಿಷ್ಠ ಭಾರದ ಶೇ. 80ರಷ್ಟಕ್ಕೆ ಮೆಲ್ಲಗೆ ಏರಿಸಲಾಯಿತು. ಮುಗಿಸಿದ ಒಂಬತ್ತು ಮಂದಿಯ ತೊಡೆಯ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು, ತೊಡೆಯ ಸ್ನಾಯು ಶೇ. 9ರಷ್ಟು ಬೆಳೆಯಿತು. ಇಬ್ಬರು ಕೋಲು ಬಿಟ್ಟು ನಡೆದರು. ತರಬೇತಿ ನಿಲ್ಲಿಸಿದ ನಾಲ್ಕೇ ವಾರಗಳಲ್ಲಿ ಗರಿಷ್ಠ ಬಲದ ಮೂರನೆಯ ಒಂದು ಪಾಲು ಇಳಿದೂ ಹೋಯಿತು. ತೊಂಬತ್ತರಲ್ಲೂ ದೇಹ ಕೊಟ್ಟದ್ದಕ್ಕೆ ಓಗೊಡುತ್ತದೆ, ಕೊಡದೇ ಹೋದರೆ ಕೂಡಲೇ ಲೆಕ್ಕ ಒಪ್ಪಿಸುತ್ತದೆ.

ಡಲ್ಲಾಸ್‌ನಲ್ಲಿ ನಡೆದದ್ದು ಇನ್ನೂ ನಾಟುವಂಥದು. 1966ರಲ್ಲಿ ಇಪ್ಪತ್ತರ ಪ್ರಾಯದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಲಾಯಿತು. ದೇಹ ಬಳಸಬಲ್ಲ ಆಮ್ಲಜನಕದ ಪ್ರಮಾಣ ಕಾಲುಭಾಗದಷ್ಟು ಕುಸಿಯಿತು. ಮೂವತ್ತು ವರ್ಷ ಕಳೆದು ಅದೇ ಐವರನ್ನು ಮತ್ತೆ ಹುಡುಕಿ ಅಳೆದಾಗ, ಮೂವತ್ತು ವರ್ಷದ ಮುಪ್ಪು ಮಾಡಿದ ನಷ್ಟ ಆ ಮೂರು ವಾರದ ನಷ್ಟಕ್ಕಿಂತ ಕಡಿಮೆ ಇತ್ತು. ಆರು ತಿಂಗಳ ಸಾವಧಾನದ ತರಬೇತಿಯಲ್ಲಿ ಅವರು ಮುಪ್ಪಿನ ನಷ್ಟವನ್ನು ಮರಳಿ ಪಡೆದರು. ಟೈಫಾಯ್ಡ್ ಮುಗಿಸಿ, ಆಪರೇಷನ್ ಮುಗಿಸಿ ವಾಪಸ್ ಬರುವ ಶಿಷ್ಯನಿಗೆ ಹಳೆಯ ಭಾರವನ್ನೇ ಬಾರ್‌ಗೆ ಹಾಕುವ ಮುನ್ನ ಇದು ನೆನಪಿಗೆ ಬರಲಿ.

ಮದುವೆ ಸೀಸನ್ನು, ಪರೀಕ್ಷೆ, ಸುಗ್ಗಿ, ಆಡಿಟ್ಟು ಎಂದು ಜನ ಬಿಡುವುದೂ ಇದ್ದೇ ಇದೆ. ಬಿಟ್ಟವರನ್ನು ಬೈಯುವ ಬದಲು ಬಿಡದ ದಾರಿ ಹೇಳಬಹುದು. 2011ರ ಒಂದು ಅಧ್ಯಯನದಲ್ಲಿ ಹದಿನಾರು ವಾರ ವಾರಕ್ಕೆ ಮೂರು ದಿನ ತರಬೇತಿ ಪಡೆದವರ ಕೆಲಸವನ್ನು ಒಂಬತ್ತನೆಯ ಒಂದು ಪಾಲಿಗೆ ಇಳಿಸಿದರು, ಅಂದರೆ ವಾರಕ್ಕೊಂದೇ ದಿನ, ಒಂದೊಂದೇ ಸೆಟ್. ಭಾರ ಮಾತ್ರ ಇಳಿಸಲಿಲ್ಲ. ಎಂಟು ತಿಂಗಳ ಬಳಿಕ ನೋಡಿದರೆ ಇಪ್ಪತ್ತು ಮೂವತ್ತರ ಹರೆಯದವರ ಗಳಿಕೆ ಉಳಿದೇ ಇತ್ತು. ಅರವತ್ತು ದಾಟಿದವರ ಬಲ ಬಹುಮಟ್ಟಿಗೆ ನಿಂತರೂ ಸ್ನಾಯುವಿನ ಗಾತ್ರ ಉಳಿಯಲು ಅಷ್ಟು ಸಾಲಲಿಲ್ಲ. ‘ಈ ತಿಂಗಳು ವಾರಕ್ಕೊಂದೇ ದಿನ ಬನ್ನಿ, ಸಾಕು’ ಎನ್ನಬಲ್ಲ ತರಬೇತುದಾರರನ್ನು ಜನ ವರ್ಷಗಟ್ಟಲೆ ಬಿಡುವುದಿಲ್ಲ.

ಒಂದೇ ಕೆಲಸಕ್ಕೆ ಎಲ್ಲ ದೇಹಗಳೂ ಒಂದೇ ಉತ್ತರ ಕೊಡುವುದಿಲ್ಲ ಎಂಬುದನ್ನು ಕ್ಲಾಡ್ ಬುಶಾರ್ ಅವರ ಹೆರಿಟೇಜ್ ಅಧ್ಯಯನದಷ್ಟು ಚೆನ್ನಾಗಿ ತೋರಿಸಿದ್ದು ವಿರಳ. 1999ರ ವರದಿಯಂತೆ 98 ಕುಟುಂಬಗಳ 481 ಮಂದಿ ಇಪ್ಪತ್ತು ವಾರ ಒಂದೇ ಕ್ರಮದಲ್ಲಿ ಸೈಕಲ್ ತುಳಿದರು. ಆಮ್ಲಜನಕ ಬಳಸುವ ಶಕ್ತಿ ಸರಾಸರಿ ನಿಮಿಷಕ್ಕೆ 400 ಮಿಲಿಲೀಟರ್ ಏರಿತು. ಸರಾಸರಿಯ ಹಿಂದೆ ಕೆಲವರದು ಏರಲೇ ಇಲ್ಲ, ಕೆಲವರದು ಒಂದು ಲೀಟರನ್ನೂ ದಾಟಿತು. ಗೆಳೆಯನಿಗೆ ಫಲಿಸಿದ್ದು ತನಗೆ ಫಲಿಸದ ಹುಡುಗ ಸೋಮಾರಿಯೇ ಆಗಿರಬೇಕಿಲ್ಲ. ಆರು ವಾರದ ಅಂಕಿಗಳು ಕದಲದಿದ್ದರೆ ನಿದ್ದೆ, ಊಟ, ಒಟ್ಟು ಸೆಟ್‌ಗಳು, ಭಾರ ಇವುಗಳಲ್ಲಿ ಒಂದನ್ನು ಬದಲಿಸಿ ನೋಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ಎಂದೂ ತಿಳಿಯುವುದಿಲ್ಲ.

ಭಾರದ ವಿಷಯದಲ್ಲಿ ನಿಮಗಿರುವ ಸ್ವಾತಂತ್ರ್ಯ ನೀವು ಅಂದುಕೊಂಡದ್ದಕ್ಕಿಂತ ದೊಡ್ಡದು. ಬ್ರಾಡ್ ಶೋನ್‌ಫೆಲ್ಡ್ 2015ರಲ್ಲಿ ಪಳಗಿದ ಗಂಡಸರ ಎರಡು ಗುಂಪು ಮಾಡಿ, ಒಂದಕ್ಕೆ 8ರಿಂದ 12 ಸಲ ಎತ್ತಬಲ್ಲ ಭಾರ, ಇನ್ನೊಂದಕ್ಕೆ 25ರಿಂದ 35 ಸಲ ಎತ್ತಬಲ್ಲ ಹಗುರ ಭಾರ ಕೊಟ್ಟು, ಇನ್ನಾಗದು ಎನ್ನುವವರೆಗೆ ಮಾಡಿಸಿದರು. ಸ್ನಾಯು ಎರಡರಲ್ಲೂ ಸುಮಾರು ಸಮನಾಗಿ ಬೆಳೆಯಿತು. ಗರಿಷ್ಠ ಬಲ ಮಾತ್ರ ಹೆಚ್ಚು ಭಾರ ಎತ್ತಿದ ಗುಂಪಿಗೆ ಹೆಚ್ಚು ಬಂತು. ಹಾಗಾಗಿ ಕೀಲು ನೋಯುವವರಿಗೆ ಹಗುರ ಭಾರ ಕೊಟ್ಟರೆ ಸ್ನಾಯುವಿನ ಮಟ್ಟಿಗೆ ಅವರು ಸೋಲುವುದಿಲ್ಲ.

ಹೃದಯ ಬಡಿತದ ಚಾರ್ಟು ನಿಮ್ಮ ಟ್ರೆಡ್‌ಮಿಲ್ ಮೇಲೆಯೇ ಅಂಟಿಸಿರುತ್ತದೆ: 220ರಿಂದ ವಯಸ್ಸು ಕಳೆಯಿರಿ. 1970ರ ದಶಕದ ಆರಂಭದಲ್ಲಿ ಕೆಲವೇ ಅಧ್ಯಯನಗಳ ಬಿಂದುಗಳ ಮೇಲೆ ಎಳೆದ ಗೆರೆ ಅದು. 2001ರಲ್ಲಿ ತನಾಕಾ ಮತ್ತು ಸಂಗಡಿಗರು 351 ಅಧ್ಯಯನಗಳನ್ನು ಒಟ್ಟುಗೂಡಿಸಿ, 208ರಿಂದ ವಯಸ್ಸಿನ 0.7 ಪಾಲನ್ನು ಕಳೆಯಬೇಕೆಂದರು. ಅರವತ್ತರವರಿಗೆ ಹಳೆಯ ಲೆಕ್ಕ 160 ಎಂದರೆ ಹೊಸದು 166 ಎನ್ನುತ್ತದೆ. ಎರಡರಲ್ಲೂ ವ್ಯಕ್ತಿಯಿಂದ ವ್ಯಕ್ತಿಗೆ ಹತ್ತು ಬಡಿತದ ಹೆಚ್ಚುಕಡಿಮೆ ಸಾಮಾನ್ಯ, ಬಿಪಿ ಮಾತ್ರೆಗಳಲ್ಲಿ ಕೆಲವು ಬಡಿತವನ್ನೇ ತಗ್ಗಿಸುತ್ತವೆ. ಮಾತಾಡಲು ಬರಬೇಕು, ಹಾಡಲು ಬರಬಾರದು ಎಂಬ ಸರಳ ಪರೀಕ್ಷೆ ಮಧ್ಯಮ ವೇಗಕ್ಕೆ ಸಾಕು.

ಪ್ರೋಟೀನ್ ಡಬ್ಬದ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಸಾಮಾನ್ಯ ವಯಸ್ಕರಿಗೆ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಹೇಳುತ್ತದೆ. ಭಾರ ಎತ್ತುವವರ 49 ಅಧ್ಯಯನಗಳನ್ನು 2018ರಲ್ಲಿ ಒಟ್ಟಾಗಿ ನೋಡಿದಾಗ, ಸುಮಾರು 1.6 ಗ್ರಾಂ ದಾಟಿದ ಮೇಲೆ ಸ್ನಾಯುವಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಈ ನಡುವಿನ ಅಂತರವನ್ನು ಮೊಸರು, ಮೊಟ್ಟೆ, ಮೀನು, ಮೊಳಕೆಕಾಳು, ಕಡಲೆ, ಸೋಯಾ ತುಂಬಬಲ್ಲವು. ಮೂತ್ರಪಿಂಡದ ತೊಂದರೆ ಇದ್ದವರಿಗೆ ಈ ಮಾತು ಡಾಕ್ಟರೇ ಹೇಳಬೇಕು. ಸ್ಟೆರಾಯ್ಡ್ ಇಂಜೆಕ್ಷನ್ ವಿಷಯ ಎತ್ತುವವರನ್ನು, ಅವರು ಎಷ್ಟೇ ದೊಡ್ಡ ಗಿರಾಕಿಯಾಗಿರಲಿ, ಬಾಗಿಲಲ್ಲೇ ತಡೆಯಿರಿ.

ತಾಳ್ಮೆಗೆ ಒಂದು ಲೆಕ್ಕ ಬೇಕೆಂದರೆ ಕುಂದಾಪುರ ಸೀಮೆಯ ಗುರುರಾಜ ಪೂಜಾರಿಯವರದಿದೆ. ಕುಸ್ತಿಯ ಆಸೆಯಿಂದ ಹೊರಟು ವೇಟ್‌ಲಿಫ್ಟಿಂಗ್‌ಗೆ ಬಂದ ಅವರು 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕಿಲೋ ವಿಭಾಗದಲ್ಲಿ 269 ಕಿಲೋ ಎತ್ತಿ ಕಂಚು ಗೆದ್ದರು. ರಾಷ್ಟ್ರೀಯ ಶಿಬಿರದ ತರಬೇತಿ, ಊಟ, ವಿಶ್ರಾಂತಿ ಎಲ್ಲ ಇದ್ದ ಮೇಲ್ಮಟ್ಟದ ಕ್ರೀಡಾಪಟುವಿನ ಎರಡು ಪದಕಗಳ ನಡುವೆ ನಾಲ್ಕು ವರ್ಷ, ಇಪ್ಪತ್ತು ಕಿಲೋ. ಹೊಸಬರು ಅದಕ್ಕಿಂತ ಬೇಗ ಏರುತ್ತಾರೆ, ನಿಜ. ಪಳಗಿದಷ್ಟೂ ಏರಿಕೆ ನಿಧಾನವಾಗುತ್ತದೆ. ತೊಂಬತ್ತು ದಿನದ ಟ್ರಾನ್ಸ್‌ಫಾರ್ಮೇಷನ್ ಪ್ಯಾಕೇಜ್ ಮಾರುವ ಮುಂಚೆ ಈ ಇಳಿಜಾರನ್ನು ಶಿಷ್ಯನಿಗೆ ತಿಳಿಸುವುದು ಪ್ರಾಮಾಣಿಕತೆ.

ಹಾಗಾದರೆ ಪುಸ್ತಕದಲ್ಲಿ ಏನು ಬರೆಯಬೇಕು? ಹೀಗೊಬ್ಬರು ಬಂದರೆಂದುಕೊಳ್ಳಿ. ಐವತ್ತೆರಡರ ಪ್ರೌಢಶಾಲಾ ಶಿಕ್ಷಕಿ, ಎರಡು ವರ್ಷದಿಂದ ಸಕ್ಕರೆ ಕಾಯಿಲೆ, ಬಲ ಮೊಣಕಾಲು ನೋವು, ವಾರಕ್ಕೆ ಮೂರು ದಿನ ಮುಕ್ಕಾಲು ಗಂಟೆ ಬಿಡುವು. ‘ತೂಕ ಇಳಿಸಬೇಕು’ ಎನ್ನುತ್ತಾರೆ. ಇನ್ನೊಂದು ಪ್ರಶ್ನೆ ಕೇಳಿದ ಮೇಲೆ, ಶಾಲೆಯ ಎರಡನೆಯ ಮಹಡಿಗೆ ಕಟಕಟೆ ಹಿಡಿಯದೆ ಹತ್ತಬೇಕು, ಪೂಜೆಗೆ ನೆಲದ ಮೇಲೆ ಕೂತು ಏಳಬೇಕು ಎಂಬುದು ಹೊರಬರುತ್ತದೆ. ಅದೇ ಗುರಿ, ಅದನ್ನು ಅವರ ಮಾತಿನಲ್ಲೇ ಬರೆಯಿರಿ. ಮೊದಲ ಪುಟದಲ್ಲಿ ಡಾಕ್ಟರ ಒಪ್ಪಿಗೆ, ಮಾತ್ರೆಗಳ ಹೆಸರು. ಇನ್ಸುಲಿನ್ ಅಥವಾ ಸಕ್ಕರೆಯನ್ನು ತೀರಾ ಇಳಿಸಬಲ್ಲ ಮಾತ್ರೆಯಿದ್ದರೆ ಖಾಲಿ ಹೊಟ್ಟೆಯಲ್ಲಿ ಬರಬಾರದೆಂಬ ಸೂಚನೆ, ಜೊತೆಗೆ ಬ್ಯಾಗಿನಲ್ಲಿ ಸಕ್ಕರೆ. ಎರಡನೆಯ ಪುಟದಲ್ಲಿ ಆರಂಭದ ಅಳತೆ: ಸೊಂಟದ ಸುತ್ತಳತೆ, ಕೈಕಟ್ಟಿ ಮೂವತ್ತು ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಏಳಬಲ್ಲರು, ಆರು ನಿಮಿಷದಲ್ಲಿ ಎಷ್ಟು ದೂರ ನಡೆಯಬಲ್ಲರು.

ಮೂರನೆಯ ಪುಟದಿಂದ ಕೆಲಸ. ಎತ್ತರದ ಕುರ್ಚಿಯಿಂದ ಏಳುವ ಸ್ಕ್ವಾಟ್, ಕೇಬಲ್ ಎಳೆಯುವುದು, ಗೋಡೆಗೆ ಪುಷ್‌ಅಪ್, ಡಂಬೆಲ್ ಹಿಡಿದು ಸೊಂಟದಿಂದ ಬಾಗಿ ಏಳುವುದು, ಗಿಡ್ಡ ಮೆಟ್ಟಿಲು ಹತ್ತುವುದು. ಐದೇ ಕಸರತ್ತು, ತಲಾ ಎರಡು ಸೆಟ್, ಎಂಟರಿಂದ ಹನ್ನೆರಡು ಸಲ. ಇನ್ನೂ ಮೂರು ಸಲ ಆಗುತ್ತಿತ್ತು ಎನ್ನುವಾಗ ನಿಲ್ಲಿಸುವುದು. ಎರಡೂ ಸೆಟ್‌ನಲ್ಲಿ ಹನ್ನೆರಡು ಸಲೀಸಾಗಿ ಬಂದದ್ದು ಸತತ ಎರಡು ದಿನ ದಾಖಲಾದರೆ ಒಂದೆರಡು ಕಿಲೋ ಸೇರಿಸಿ ಎಂಟಕ್ಕೆ ಇಳಿಯುವುದು; ಕುರ್ಚಿಯ ಸ್ಕ್ವಾಟಿಗೆ ಭಾರದ ಬದಲು ಕುರ್ಚಿಯನ್ನು ತಗ್ಗಿಸುವುದು. ಮೊಣಕಾಲು ಮರುದಿನವೂ ಊದಿಕೊಂಡಿದ್ದರೆ ಒಂದು ಮೆಟ್ಟಿಲು ಹಿಂದಕ್ಕೆ, ಅದನ್ನೂ ಬರೆಯುವುದು. ಉಳಿದ ದಿನಗಳಲ್ಲಿ ನಡಿಗೆ, ವಾರಕ್ಕೆ ಒಟ್ಟು 150 ನಿಮಿಷದ ಕಡೆಗೆ ಏರುತ್ತ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಕನಿಷ್ಠ ಅದೇ, ವಾರಕ್ಕೆರಡು ದಿನವಾದರೂ ಬಲದ ಕಸರತ್ತಿನ ಜೊತೆ. ಸಕ್ಕರೆ ಇರುವವರು ಸತತ ಎರಡು ದಿನಕ್ಕಿಂತ ಹೆಚ್ಚು ಬಿಡದಿರುವುದು ಒಳ್ಳೆಯದು. ನಾಲ್ಕೈದು ವಾರಕ್ಕೊಮ್ಮೆ ಒಂದು ವಾರ ಅರ್ಧದಷ್ಟೇ ಕೆಲಸ. ಹದಿಮೂರನೆಯ ವಾರ ಎರಡನೆಯ ಪುಟದ ಅಳತೆಗಳನ್ನೆಲ್ಲ ಮತ್ತೆ ತೆಗೆದುಕೊಂಡು ಪಕ್ಕದಲ್ಲೇ ಬರೆಯುವುದು.

ಇಷ್ಟಕ್ಕೆ ಬೇಕಾದ ಜ್ಞಾನ ನಾಡಿಗೆ ಹೊಸತಲ್ಲ. ಮೈಸೂರಿನ ಗರಡಿಮನೆಗಳಲ್ಲಿ ಉಸ್ತಾದರು ಸಾಮು ಕಲಿಸುವಾಗ ಹುಡುಗನನ್ನು ನೋಡಿ ದಂಡ, ಬಸ್ಕಿಯ ಎಣಿಕೆ ಹೇಳುತ್ತಿದ್ದರು. ಉತ್ತರ ಕರ್ನಾಟಕದ ಊರುಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವರು ಮೊದಲ ದಿನವೇ ದೊಡ್ಡ ಕಲ್ಲಿಗೆ ಕೈ ಹಾಕುತ್ತಿರಲಿಲ್ಲ. ಉಸ್ತಾದರ ತಲೆಯಲ್ಲಿದ್ದ ಲೆಕ್ಕ ಈಗ ಕಾಗದಕ್ಕೆ ಬರಬೇಕು, ಏಕೆಂದರೆ ನಿಮ್ಮ ಮುಂದೆ ಇರುವುದು ಹತ್ತು ಮಂದಿ ಪೈಲ್ವಾನರಲ್ಲ, ಬಗೆಬಗೆಯ ಕಾಯಿಲೆ, ವಯಸ್ಸು, ದುಡಿಮೆಯ ನೂರಾರು ಜನ.

ನಿಮ್ಮ ಕಷ್ಟವೂ ತಿಳಿಯದ್ದಲ್ಲ. ಎಷ್ಟೋ ಕಡೆ ಸಂಬಳಕ್ಕಿಂತ ಕಮಿಷನ್ ದೊಡ್ಡದು, ತಿಂಗಳಿಗೆ ಇಷ್ಟು ಮೆಂಬರ್‌ಶಿಪ್, ಇಷ್ಟು ಡಬ್ಬ ಮಾರಬೇಕೆಂಬ ಒತ್ತಡ, ಸಂಜೆ ಆರರಿಂದ ಎಂಟರವರೆಗೆ ಒಬ್ಬರ ಮೇಲೆ ಮೂವತ್ತು ಮಂದಿಯ ಭಾರ. ಆ ಗದ್ದಲದಲ್ಲಿ ಪುಸ್ತಕ ಬರೆಯುವುದು ನಿಮ್ಮೊಬ್ಬರ ಕೈಯಲ್ಲಾಗದು. ಬರೆಯುವ ಕೆಲಸ ಶಿಷ್ಯರೇ ಮಾಡಲಿ: ಎತ್ತಿದ ಭಾರ, ಎಷ್ಟು ಸಲ, ಹೇಗನಿಸಿತು, ಮೂರೇ ಕಲಂ. ನೀವು ವಾರಕ್ಕೊಮ್ಮೆ ಐದು ನಿಮಿಷ ಕೂತು ಓದಿ ಮುಂದಿನ ವಾರದ ಸಾಲು ಬರೆದುಕೊಡಿ. ಜಿಮ್ ಮಾಲೀಕರು ಆ ಐದು ನಿಮಿಷವನ್ನು ನಿಮ್ಮ ಕೆಲಸದ ವೇಳೆಯೊಳಗೇ ಎಣಿಸಬೇಕು, ಪುಸ್ತಕದ ಖರ್ಚನ್ನು ಸೇರ್ಪಡೆ ಶುಲ್ಕದಲ್ಲೇ ಸೇರಿಸಬೇಕು. ಈ ಪತ್ರವನ್ನು ಅವರಿಗೂ ಓದಲು ಕೊಡಿ. ಹಳಬರೆಲ್ಲರಿಗೂ ಒಟ್ಟಿಗೆ ಶುರುಮಾಡಲು ಹೋದರೆ ಕೈಬಿಡುತ್ತೀರಿ. ನಾಳೆ ಹೊಸದಾಗಿ ಸೇರುವ ಒಬ್ಬರಿಂದ ಆರಂಭಿಸಿ, ತಿಂಗಳೊಳಗೆ ಹತ್ತು ಪುಸ್ತಕ ಆಗುತ್ತವೆ.

ಆದರಗಳೊಂದಿಗೆ,
ನಿಮ್ಮ ಹಿತೈಷಿ